ವಹಿಯ ಹೆಸರುಗಳು

ಒಣ ಎಲೆ ಸುಟ್ಟ ವಾಸನೆ ಬಂದರೆ ಇಳಕಲ್ಲಿನ ಆ ಮಧ್ಯಾಹ್ನ ಈಗಲೂ ಕಣ್ಣು ಉರಿಸುತ್ತದೆ.

ಅಜ್ಜಿಯ ಅಜ್ಜಿ ಹೆಣ್ಣುಮಕ್ಕಳಿಗೆ ಕದ್ದು ಅಕ್ಷರ ಕಲಿಸುತ್ತಿದ್ದಳಂತೆ. ಕಲಿತ ಹುಡುಗಿ ಗಿಡವೊಂದರ ಎಲೆ ತಂದು ಆಕೆಯ ವಹಿಯಲ್ಲಿ ಅಂಟಿಸಿ, ಪಕ್ಕದಲ್ಲಿ ತನ್ನ ಹೆಸರು ಬರೆಯಬೇಕಿತ್ತು. ಅಜ್ಜಿ ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಆ ವಹಿಯನ್ನು ತೆಗೆದು, ಓದಲು ಬಾರದ ಅಜ್ಜನೆದುರು ನಾನು ಜಂಬದಿಂದ ಹೆಸರುಗಳನ್ನೆಲ್ಲ ಓದಿದೆ.

“ಒಣ ತಪ್ಪಲಾ, ಹೆಂಗಸರ ಹೆಸರಾ! ಮಾಟಾ ಮಾಡಾಕತ್ತೀಯೇನ?” ಅಜ್ಜ ಅಜ್ಜಿಯ ಜುಟ್ಟು ಹಿಡಿದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ. ವಹಿಯನ್ನು ಬಚ್ಚಲ ಒಲೆಗೆ ಎಸೆದ.

“ಸಾಲಿ ವಹಿರೀ ಅದು!” ಎಂದು ಚೀರಿ ಅಜ್ಜಿ ಉರಿಯೊಳಗೆ ಕೈ ಹಾಕಿದಳು. ಬೆರಳ ತೊಗಲು ಸುಲಿಯಿತು. ಕೈಗೆ ಬಂದದ್ದು ಬೂದಿ.

ಸುಟ್ಟ ಕೈಯಿಂದಲೇ ನನ್ನ ಪಾಟಿಯನ್ನು ಮುಂದೆ ತಳ್ಳಿದಳು. “ನೀನ ಓದೀಯಲ್ಲಾ, ಎಲ್ಲಾ ಹೆಸರು ಬರಿ.”

ನನಗೆ ನೆನಪಾದದ್ದು ನನ್ನ ಹೆಸರೊಂದೇ.