ಮನೆಗಾಡಿ

ಅಕ್ಟೋಬರ್ ಇಪ್ಪತ್ತೆಂಟು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ತಪಾಸಣಾಧಿಕಾರಿ ಮನೆಗಾಡಿಯ ಬಾಗಿಲನ್ನು ತಟ್ಟದೆಯೇ ಎಳೆದಳು. ತಟ್ಟಿದರೆ ಒಳಗಿನವರಿಗೆ ಅಡಗಲು ಸಮಯ ಸಿಗುತ್ತದೆ. ಹಿಂದಿನ ಸ್ಪರ್ಧಿಯ ಅತ್ತೆ ಹೀಗೇ ಕಂಬಳಿಗಳ ರಾಶಿಯ ಕೆಳಗೆ ಸಿಕ್ಕಿಬಿದ್ದಿದ್ದರು.

"ಜೊತೇಲಿ ಯಾರಿದ್ದಾರೆ?"

"ಸದ್ಯಕ್ಕೆ ನೀವೇ," ಎಂದ ಅವನು, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ.

ಸ್ಪರ್ಧೆ ಸರಳವಾಗಿತ್ತು. ಕಂಪನಿ ಹೊಚ್ಚ ಹೊಸ ಮನೆಗಾಡಿಯೊಂದನ್ನು ಕೊಡುತ್ತದೆ. ಅದರಲ್ಲಿ ಆರು ತಿಂಗಳು ಹಳ್ಳಿಗಾಡನ್ನು ಒಬ್ಬರೇ ಸುತ್ತಬೇಕು, ವಾರಕ್ಕೊಂದು ಫೋಟೋ ಕಳಿಸಬೇಕು. ಜೊತೆಗೆ ಯಾರಾದರೂ ಸಿಕ್ಕಿಬಿದ್ದರೆ ಗಾಡಿ ವಾಪಸ್. ಯಾರೂ ಇಲ್ಲವೆಂದು ತಪಾಸಣಾಧಿಕಾರಿ ಮೊಹರು ಹಾಕಿದರೆ ಗಾಡಿ ಸ್ಪರ್ಧಿಯದೇ. ಬಿದ್ದ ಮೊಹರನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ. ಇವತ್ತು ಕೊನೆಯ ದಿನ.

ಒಂಟಿತನಕ್ಕೆ ಈಗ ಒಳ್ಳೆಯ ಮಾರುಕಟ್ಟೆಯಿದೆ. ಅವನನ್ನು ಜನ 'ಅಲೆಮಾರಿ' ಎಂದೇ ಕರೆಯುತ್ತಿದ್ದರು. ಮೊದಲ ಫೋಟೋಗಳಲ್ಲಿ ಬಿರುಕುಬಿಟ್ಟ ಕೆಂಪು ಬಯಲು. ಆಮೇಲೆ ಆಕಾಶವನ್ನೇ ಹೊತ್ತು ಮಲಗಿದ ನೀರು. ಆಮೇಲೆ ಹಸಿರು, ಕಣ್ಣು ಹರಿದಷ್ಟೂ ಹಸಿರು. ಮೊನ್ನೆಯದರಲ್ಲಿ ಬರೀ ಬಂಗಾರ. ಪ್ರತಿ ಸಲವೂ ಕೆಳಗೆ ಒಂದೇ ಸಾಲು: 'ಬೆಳಿಗ್ಗೆ ಬಾಗಿಲು ತೆರೆದೆ. ಲೋಕವೇ ಬೇರೆ.' ಆಫೀಸಿನ ಕುರ್ಚಿಗಳಿಗೆ ಅಂಟಿಕೊಂಡವರು ಇದನ್ನೋದಿ ನಿಟ್ಟುಸಿರು ಬಿಡುತ್ತಿದ್ದರು. 'ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು' ಎಂದು ಕಂಪನಿ ಜಾಹೀರಾತು ಹಾಕಿತು. 'ಹೊರಟ ಊರಿನ ಹತ್ತಿರವೇ ಇದ್ದೇನೆ' ಎಂದು ಹೋದ ವಾರ ಅವನು ಬರೆದಾಗ, ಸುತ್ತು ಮುಗಿಯಿತೆಂದು ಎಷ್ಟೋ ಜನ ಕಣ್ಣೊರೆಸಿಕೊಂಡರು.

ತಪಾಸಣಾಧಿಕಾರಿ ಕಣ್ಣೊರೆಸಿಕೊಳ್ಳಲಿಲ್ಲ. ಅವಳು ಓದಿದ್ದು ಭೌತಶಾಸ್ತ್ರ; ಅಳತೆಗೆ ಸಿಗದ್ದನ್ನು ನಂಬುವವಳಲ್ಲ. ಕಂಪನಿಯ ಅಂಗಳದಿಂದ ಈ ಬಯಲಿಗೆ ತನ್ನ ಕಾರು ಓಡಿದ ದೂರವನ್ನೂ ಪ್ರಯಾಣ ಭತ್ಯೆಗೆಂದು ಗುರುತು ಹಾಕಿಕೊಂಡಿದ್ದಳು: 14.3 ಕಿಲೋಮೀಟರ್.

ಟೇಪು ಹಿಡಿದು ಹಾಸಿಗೆ ಅಳೆದಳು. ತಗ್ಗು ಒಂದೇ, ಅದೂ ನಟ್ಟನಡುವೆ. ದಿಂಬಿನ ಮೇಲಿದ್ದ ಕೂದಲುಗಳೆಲ್ಲ ಒಂದೇ ಬಗೆಯ ನರೆ. ಚಪ್ಪಲಿ ಒಂದು ಜೊತೆ. ಆದರೆ ಸಿಂಕಿನಲ್ಲಿ ಲೋಟ ಎರಡು.

"ಇದು ಯಾರದ್ದು?"

"ಹಾಲಿನ ಅಕ್ಕಂದು. ದಿನಾ ಬರ್ತಾರೆ. ಒಂದು ಲೋಟ ಕಾಫಿ ಕುಡೀತಾರೆ."

"ರಾತ್ರಿ ಇಲ್ಲೇ ಇರ್ತಾರಾ?"

"ಅವರಿಗೆ ನಾಲ್ಕು ಎಮ್ಮೆ ಇದೆ ಮೇಡಂ. ಎಲ್ಲಿ ಪುರಸೊತ್ತು?"

ಅಷ್ಟರಲ್ಲಿ ಮುಂದಿನ ಪರದೆಯಾಚೆ ಯಾರೋ ಗಂಟಲಲ್ಲೇ ಗೊಣಗಿದರು. ಅವಳು ತುಟಿಗೆ ಬೆರಳಿಟ್ಟು, ಹೆಜ್ಜೆಯ ಸದ್ದಾಗದಂತೆ ಹೋಗಿ, ಪರದೆಯನ್ನು ಸರ್ರನೆ ಸರಿಸಿದಳು.

ಚಾಲಕನ ಸೀಟಿನಲ್ಲಿ, ಹಳೆಯ ಸ್ವೆಟರಿನ ಮೇಲೆ, ಒಂದು ಕೋಳಿ. ಬಾಡಿಗೆ ಕೇಳಲು ಬಂದವರನ್ನು ನೋಡುವಂತೆ ನೋಡಿತು.

"ಕಾವಿಗೆ ಕೂತಿದೆ, ಎಬ್ಬಿಸಬೇಡಿ," ಎಂದ ಅವನು ಗಾಬರಿಯಿಂದ. "ಎರಡನೇ ಸಲ. ತುಂಬಾ ಸಿಡುಕು."

ಅವಳು ಮೇಲಧಿಕಾರಿಗೆ ಫೋನು ಮಾಡಿದಳು. "ಸರ್, ಕೋಳಿ ಇದ್ರೆ ಅದು ಜೊತೆ ಅಂತ ಲೆಕ್ಕನಾ?"

"ಮಾತಾಡುತ್ತಾ?"

"ಇಲ್ಲ ಸರ್. ಬೈಯುತ್ತೆ."

"ಅಡುಗೆ ಗಿಡುಗೆ ಮಾಡಿಕೊಡುತ್ತಾ?"

"ಮೊಟ್ಟೆ ಕೊಡುತ್ತೆ."

"ಹಾಗಾದ್ರೆ ದಿನಸಿ ಅಂತ ಹಾಕಿ. ಮುಂದಕ್ಕೆ ನೋಡಿ."

ಅವಳು ಫೋನಿಟ್ಟು ತಿರುಗಿದಾಗ ಅವನು ಬಾಯಿ ತೊಳೆಯುವುದನ್ನೂ ಮರೆತು ಅವಳ ಫೋನನ್ನೇ ನೋಡುತ್ತಿದ್ದ. ಬ್ರಷ್ಷಿನಿಂದ ನೊರೆ ತೊಟ್ಟಿಕ್ಕುತ್ತಿತ್ತು.

"ಗಾಡಿ ಮೇಲೆ ಅಷ್ಟೊಂದು ಆಸೆನಾ?"

"ಗಾಡಿ ಏನ್ ಮೇಡಂ. ಅಣ್ಣನ ಮನೇಲಿ ಮೆಟ್ಟಿಲ ಕೆಳಗೆ ನನ್ನ ಹಾಸಿಗೆ. ಅತ್ತಿಗೆ ಮೇಲೆ ಹತ್ತಿದಾಗೆಲ್ಲ ಮುಖಕ್ಕೆ ಧೂಳು. ಒಳಗಿಂದ ಚಿಲಕ ಹಾಕಿಕೊಳ್ಳೋ ಒಂದು ಬಾಗಿಲು ಸಿಕ್ಕಿದ್ರೆ ಸಾಕು ನಂಗೆ."

ಕಳ್ಳರಿಗೆಲ್ಲ ಇಂಥದ್ದೊಂದು ಕಥೆ ಇದ್ದೇ ಇರುತ್ತದೆಂದುಕೊಂಡು ಅವಳು ಹೊರಗಿಳಿದಳು. ಟಾರ್ಚು ಹಿಡಿದು ಗಾಡಿಯ ಕೆಳಗೆ ಬಗ್ಗಿದಳು. ಚಕ್ರಗಳಿಗೆ ಕುಂಬಳದ ಬಳ್ಳಿ ದಟ್ಟವಾಗಿ ಸುತ್ತಿಕೊಂಡಿತ್ತು. ಅಲ್ಲಿ ಯಾರೂ ನುಸುಳಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಸಮಾಧಾನದಿಂದ ಮಂಡಿಯ ಮಣ್ಣು ಕೊಡವಿಕೊಂಡಳು.

ಎದುರಿಗೆ ಹಾಲಿನ ಅಕ್ಕ ಕ್ಯಾನು ಹಿಡಿದು ನಿಂತಿದ್ದಳು. "ಏನು ಬೀಳಿಸಿಕೊಂಡ್ರಿ ತಾಯಿ?"

"ಇವರ ಜೊತೆ ಯಾರನ್ನಾದ್ರೂ ನೋಡಿದ್ದೀರಾ? ನಿಜ ಹೇಳಿ."

"ಯಾರನ್ನ ನೋಡೋದು? ನಾವು ಉಳುವಾಗ್ಲೂ ಒಬ್ರೇ, ಕೊಯ್ಯುವಾಗ್ಲೂ ಒಬ್ರೇ. ಒಂದು ಮದುವೆನಾದ್ರೂ ಮಾಡ್ಕೊಳ್ಳಪ್ಪ ಅಂತ ಬಾಯಿ ನೋಯಿಸ್ಕೊಂಡೆ."

"ಖಂಡಿತ ಒಬ್ರೇನಾ?"

"ನನ್ನ ಎಮ್ಮೆಗಳಾಣೆ."

ಇಷ್ಟು ಶುದ್ಧವಾದ ಒಂಟಿತನವನ್ನು ಅವಳು ತನ್ನ ಸೇವೆಯಲ್ಲೇ ಕಂಡಿರಲಿಲ್ಲ. ಒಳಗೆ ಬಂದು ಪ್ರಮಾಣಪತ್ರ ತೆಗೆದಳು. ಮೊಹರೊತ್ತಲು ಗಟ್ಟಿ ಜಾಗ ಬೇಕಿತ್ತು. ಮೇಜಿನ ತುಂಬ ಈರುಳ್ಳಿ ಹರಡಿತ್ತು. ಅಷ್ಟು ಹೊತ್ತಿಗೆ ಹೊರಗೆ ಅಕ್ಕ ಕಾಳು ಚೆಲ್ಲಿದ್ದರಿಂದ ಕೋಳಿ ಮೊಟ್ಟೆ ಬಿಟ್ಟು ಕಿಟಕಿಯಿಂದ ಹಾರಿತು. ತಪಾಸಣಾಧಿಕಾರಿ ಮುಂದೆ ಬಾಗಿ, ಕಾಗದವನ್ನು ಸ್ಟಿಯರಿಂಗಿಗೆ ಆನಿಸಿ, ಸಹಿ ಹಾಕಿ, ಮೊಹರನ್ನು ಬಲವಾಗಿ ಒತ್ತಿದಳು. 'ಏಕಾಂಗಿ ಪ್ರವಾಸಿ: ದೃಢಪಟ್ಟಿದೆ.'

ಅವನು ಕಾಗದವನ್ನು ಎರಡೂ ಕೈಗಳಲ್ಲಿ ಇಸಿದುಕೊಂಡ. "ಮೊಹರು ಬಿತ್ತಲ್ಲ ಮೇಡಂ? ಇನ್ನು ಯಾರೂ ಎಬ್ಬಿಸೋ ಹಾಗಿಲ್ಲ ಅಲ್ವಾ?"

"ಇಲ್ಲ," ಎಂದು ನಗುತ್ತ, ಅವಳು ಅಲ್ಲೇ ಬಿಟ್ಟಿದ್ದ ಪೆನ್ನಿಗಾಗಿ ಮತ್ತೆ ಬಾಗಿದಳು. ಕಾಗದ ಮರೆಮಾಡಿದ್ದ ಮೀಟರು ಈಗ ಕಣ್ಣೆದುರಿಗೇ ಇತ್ತು. ಕಂಪನಿಯ ಅಂಗಳದಲ್ಲಿ ಅವಳೇ ಸೊನ್ನೆ ನೋಡಿ ಕಳಿಸಿದ್ದ ಮೀಟರು. ಗಾಜಿನ ಧೂಳನ್ನು ಬೆರಳಿನಿಂದ ಒರೆಸಿದಳು.

14.3 ಕಿಲೋಮೀಟರ್.