ರೋಕಿ ಮಾಮನ ಬ್ಯಾಂಡು

ಕಳೆದ ಭಾನುವಾರ ಕಾಪುವಿನ ಇಗರ್ಜಿಯಲ್ಲಿ ರೋಕಿ ಮಾಮನ ಅಂತ್ಯಕ್ರಿಯೆ ನಡೆಯಿತು. ಅವನ ಗಿಟಾರ್ ಎತ್ತಿಕೊಂಡರೆ ಈಗಲೂ ತೆಂಗಿನೆಣ್ಣೆಯ ವಾಸನೆ ಬರುತ್ತದೆ.

ಕಡಲ ಗಾಳಿಗೆ ತಂತಿ ತುಕ್ಕು ಹಿಡಿಯದಂತೆ ಮಾಮ ದಿನವೂ ಎಣ್ಣೆ ಸವರುತ್ತಿದ್ದ. ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್ ಎಲ್ಲವನ್ನೂ ನುಡಿಸುತ್ತಿದ್ದ. ಅವನ ರಾಕ್ ಬ್ಯಾಂಡಿನ ಹುಡುಗರೆಲ್ಲ ಮಣಿಪಾಲದ ಮೆಡಿಕಲ್ ಹಾಸ್ಟೆಲಿನವರು. ಕೋರ್ಸ್ ಮುಗಿದರೆ ಬ್ಯಾಂಡೂ ಮುಗಿಯುತ್ತಿತ್ತು. ಮಾಮ ಹೊಸಬರನ್ನು ಹುಡುಕಿ ಮೊದಲಿನಿಂದ ಕಲಿಸುತ್ತಿದ್ದ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅವನಿಗೆ ಅತಿ ಪ್ರಿಯವಾಗಿದ್ದ ಬ್ಯಾಂಡಿನವರು ವಿದಾಯ ಹೇಳಲು ಬಂದರು. "ಡಿಸೆಂಬರಿಗೆ ಬಂದು ಆಲ್ಬಮ್ ಮಾಡೋಣ, ರೋಕಿ," ಎಂದು ತಬ್ಬಿಕೊಂಡು ಹೊರಟರು. ಗೇಟು ಮುಚ್ಚಿದ ಕೂಡಲೇ ಮಾಮ ಒಳಗೆ ಕುಳಿತು ಒಬ್ಬೊಬ್ಬರ ಭಾಗವನ್ನೂ ತಾನೇ ನುಡಿಸಿ ರೆಕಾರ್ಡ್ ಮಾಡತೊಡಗಿದ. ಡ್ರಮ್ಮರ್ ಅವಸರ ಮಾಡುತ್ತಿದ್ದ ಕಡೆ ತಾನೂ ಹಾಗೆಯೇ ಅವಸರ ಮಾಡಿದ.

ಬಂಗುಡೆ ಮೀನು ಕತ್ತರಿಸುತ್ತಿದ್ದ ಅಜ್ಜಿ ಕೇಳಿದಳು: "ಅವರು ಹೋಗಿ ಆಯ್ತಲ್ವಾ? ಇನ್ನು ಯಾರಿಗೆ ಈ ಗಲಾಟೆ, ಮಾರಾಯ?"

"ಡಿಸೆಂಬರಿಗೆ ತಯಾರಿ ಬೇಡ್ವಾ ಅಮ್ಮ?"

"ಅವರೆಲ್ಲ ಡಾಕ್ಟರಾದರು. ನೀನು ಎಂತ ಆದೆ?"

ಮಾಮ ನಕ್ಕು ಕೀಬೋರ್ಡಿನ ಕಡೆ ಸರಿದ.

ಆ ಡಿಸೆಂಬರಿನಲ್ಲಿ ಯಾರೂ ಬರಲಿಲ್ಲ. ಮಾಮ ಮತ್ತೆ ಬ್ಯಾಂಡ್ ಕಟ್ಟಲಿಲ್ಲ.

ನಿನ್ನೆ ಆ ಡ್ರಮ್ಮರಿಗೆ ಫೋನ್ ಮಾಡಿ ಸಾವಿನ ಸುದ್ದಿ ಹೇಳಿದೆ. ಯಾವ ರೋಕಿ ಎಂದು ಅವರು ಕೇಳಿದರು.