ಗಂಗಿ ಈದ ಮಧ್ಯಾಹ್ನ

ಕಲಬುರಗಿಯ ಈ ಮನೆಯಲ್ಲಿ ಹಸಿ ಗೋಣಿತಟ್ಟು ನಾರಿದರೆ ಸೊಸೆ ಮೂಗು ಮುಚ್ಚಿಕೊಳ್ಳುತ್ತಾಳೆ, ನಾನು ಮುಚ್ಚುವುದಿಲ್ಲ.

ಚಿಕ್ಕವಳಿದ್ದಾಗ, ಅವ್ವ ಸತ್ತ ಮೇಲೆ, ನಾನು ಕಮಲಾಪುರದಲ್ಲಿ ಅಜ್ಜ-ಅಜ್ಜಿಯ, ಎಂದರೆ ಮುತ್ಯಾ ಮತ್ತು ಆಯಿಯ, ಹೊಲದ ಮನೆಯಲ್ಲಿದ್ದೆ. ಮುತ್ಯಾ ಸಾಧು ಕುದುರೆಗಳ ತಳಿ ಬೆಳೆಸಿ ಮಕ್ಕಳಿರುವ ಮನೆಗಳಿಗೆ ಮಾರುತ್ತಿದ್ದ. ಅವನದೊಂದು ರೂಢಿಯಿತ್ತು. ಹೆಣ್ಣುಕುದುರೆ ಮೊದಲ ಸಲ ಈದಾಗ, ಹಸಿ ಮರಿಯ ಮೈಯನ್ನು ಮನೆಯ ಮಗುವೇ ಒರೆಸಬೇಕು. ತಾಯಿ ಕುದುರೆ ಒರೆಸಗೊಟ್ಟರೆ ಮನೆಯಲ್ಲಿ ಉಳಿಯಿತು, ಇಲ್ಲವಾದರೆ ಟಾಂಗಾದವರ ಪಾಲಾಯಿತು.

ಗಂಗಿ ಈದ ಮಧ್ಯಾಹ್ನ ಮುತ್ಯಾ ನನ್ನ ಕೈಗೆ ಗೋಣಿತಟ್ಟು ಕೊಟ್ಟ. ಆ ಹೊಲದಲ್ಲಿ ನನಗೆ ಜೊತೆಯೆಂದರೆ ಗಂಗಿ ಒಂದೇ.

“ತಾಯಿಲ್ಲದ ಕೂಸದ. ಒದ್ದರ ಏನ್ ಮಾಡ್ತೀರಿ?” ಆಯಿ ಬಾಗಿಲಲ್ಲಿ ನಿಂತು ಕೂಗಿದಳು.

“ನೀ ಹಿಂಗ ಒದರ್ತಿ ಅಂತೇ ಕುದುರಿ ಬೆದರ್ತಾವ. ಸುಮ್ನ ನಿಂದ್ರು,” ಎಂದ ಮುತ್ಯಾ. ಹಗ್ಗ ಮಾತ್ರ ಬಿಗಿಯಾಗಿ ಹಿಡಿದಿದ್ದ.

ಗಂಗಿ ಕಿವಿ ಹಿಂದಕ್ಕೆ ಮಲಗಿಸಿತು. ನಾನು ಒಂದು ಹೆಜ್ಜೆ ಹಿಂದಿಟ್ಟೆ.

“ಹಿಂದ ಸರೀಬ್ಯಾಡವ್ವ. ಅಲ್ಲೇ ಕೂಡು,” ಎಂದ ಮುತ್ಯಾ.

ಕೂತೆ. ಮರಿಯ ಮೈ ಬಿಸಿಯಾಗಿ ಅಂಟಂಟಾಗಿತ್ತು. ನಾನು ಒರೆಸಿದಲ್ಲೆಲ್ಲ ಗಂಗಿ ಹಿಂದಿನಿಂದ ನೆಕ್ಕುತ್ತ ಬಂತು. ಮರಿಯ ಬೆನ್ನು ಮುಗಿಸಿ ನನ್ನ ತಲೆಗೂ ಬಂತು. ಅವ್ವ ಹೋದ ಮೇಲೆ ಆಯಿಗೂ ಬಾಚಗೊಡದ ಕೂದಲನ್ನು ನೆಕ್ಕಿ ನೆಕ್ಕಿ ತೋಯಿಸಿತು. ನಾನು ಅಲ್ಲಾಡಲಿಲ್ಲ.

“ಇದು ಇಲ್ಲೇ ಇರ್ತದ ಬಿಡು,” ಎಂದು ಮುತ್ಯಾ ಹಗ್ಗ ಸಡಿಲಿಸಿದ.

“ತಲಿ ತುಂಬ ಜೊಲ್ಲಾಗ್ಯಾದ, ಬಾ ತೊಳೀತೀನಿ,” ಎಂದಳು ಆಯಿ, ನಾನು ಒಲ್ಲೆ ಅನ್ನುತ್ತೇನೆಂದೇ ತಿಳಿದು.

ನಾನು ಹೋಗಿ ಅವಳ ಮುಂದೆ ತಲೆ ಬಗ್ಗಿಸಿ ಕೂತೆ.